ದೀಪ ಉರಿಯಿತು, ಯಂತ್ರ ಏಳಲಿಲ್ಲ

ಮೊನ್ನೆ ಕಪಾಟನ್ನು ಒಪ್ಪವಾಗಿಡುವಾಗ ನಮ್ಮ ಪ್ರೌಢಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಕೈಗೆ ಸಿಕ್ಕಿತು. ಮಲೆನಾಡಿನ ಮಳೆಗೆ ಹಾಳೆಗಳು ಅಲ್ಲಲ್ಲಿ ಕಂದಿವೆ. ಆದರೂ ಹದಿನೇಳನೆಯ ಪುಟ ತೆರೆದಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನವಾಯಿತು. ಶಾಲೆಗೆ ಜಾಗ ಕೊಟ್ಟ ಹಿರಿಯರೊಬ್ಬರ ನೆನಪುಗಳು ಆ ಪುಟದಲ್ಲಿವೆ. ಆ ಪುಟ ಅಚ್ಚಾಗದೇ ಹೋಗುವ ಸಂಭವ ಒಮ್ಮೆ ಬಹಳ ಹತ್ತಿರ ಬಂದಿತ್ತು. ಆ ಪ್ರಸಂಗವನ್ನೂ, ಅದರ ನೆಪದಲ್ಲಿ ನಾನು ಓದಿ ತಿಳಿದುಕೊಂಡ ಒಂದು ಸಣ್ಣ ಚರಿತ್ರೆಯನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅದು 2006ನೆಯ ಇಸವಿಯ ಮಳೆಗಾಲ. 1981ರಲ್ಲಿ ಆರಂಭವಾದ ನಮ್ಮ ಶಾಲೆಗೆ ಇಪ್ಪತ್ತೈದು ತುಂಬಿತ್ತು. ಸಂಚಿಕೆಯ ಸಂಪಾದಕತ್ವ ನನ್ನ ಪಾಲಿಗೆ ಬಂದಿತ್ತು. ಊರಿನ ಮೂವರು ಹಿರಿಯರ ಮಾತುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಹಳೆಯ ವಿದ್ಯಾರ್ಥಿಗಳು ದಾನವಾಗಿ ಕೊಟ್ಟ ಕಂಪ್ಯೂಟರಿನಲ್ಲಿ ರಾತ್ರಿ ಕುಳಿತು ಬೆರಳಚ್ಚಿಸುತ್ತಿದ್ದೆ. ಒಬ್ಬರದು ಮುಗಿದೊಡನೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಬ್ಬರ ಮಾತನ್ನು ಹಿಡಿಯುತ್ತಿದ್ದೆ. ಮಿತವ್ಯಯವೆಂದು ಆಗ ಹೆಮ್ಮೆಪಟ್ಟುಕೊಂಡಿದ್ದ ಈ ಅಭ್ಯಾಸ ಎಂತಹ ಅವಿವೇಕವೆಂಬುದು ತಿಳಿದದ್ದು, ಜಾಗ ಕೊಟ್ಟ ಹಿರಿಯರು ಆ ಆಷಾಢದಲ್ಲಿ ತೀರಿಕೊಂಡ ಮೇಲೆ. ಅವರ ಧ್ವನಿ ಅಳಿಸಿಹೋಗಿತ್ತು. ಅವರ ಮಾತು ಉಳಿದಿದ್ದುದು ಆ ಒಂದು ಯಂತ್ರದ ಹೊಟ್ಟೆಯೊಳಗೆ ಮಾತ್ರ. ನಕಲು ಮಾಡಿಟ್ಟಿದ್ದ ಫ್ಲಾಪಿಗೆ ಬೂಸ್ಟು ಹಿಡಿದಿತ್ತು.

ಅವರ ವೈಕುಂಠ ಸಮಾರಾಧನೆಯ ಮರುದಿನ ಯಂತ್ರವನ್ನು ಚಾಲೂ ಮಾಡಿದೆ. ಹಸಿರು ದೀಪ ಹತ್ತಿತು. ಫ್ಯಾನು ತಿರುಗಿತು. ಒಳಗಿನಿಂದ ಎಂತಹುದೋ ಸದ್ದೂ ಬಂದಿತು. ಆದರೆ ಪರದೆ ಮಾತ್ರ ಅಮಾವಾಸ್ಯೆಯ ಆಕಾಶ. ಪಟ್ಟಣದಿಂದ ಬಂದ ದುರಸ್ತಿಯವರು ಎರಡು ನಿಮಿಷ ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಮೇಷ್ಟ್ರೇ, ಅಂಗಡಿಗೆ ಕಳಿಸಿ, ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಹೊಸದು ಹಾಕೋಣ" ಎಂದರು. ಫಾರ್ಮ್ಯಾಟ್ ಎಂದರೆ ಹಲಗೆಯನ್ನು ಒರೆಸಿದಂತೆ ಎಂಬಷ್ಟು ನನಗೂ ತಿಳಿದಿತ್ತು. ಮೂರು ದಿನ ಯಂತ್ರವನ್ನು ಕಳಿಸದೆ, ಏನು ಮಾಡಬೇಕೆಂದೂ ತಿಳಿಯದೆ ಕುಳಿತೆ.

ಓದುಗರು ಇಲ್ಲಿ ಸ್ವಲ್ಪ ತಾಳ್ಮೆ ವಹಿಸಬೇಕು. ಆ ಯಂತ್ರಕ್ಕೆ ಏನಾಗಿತ್ತೆಂಬುದು ಅರ್ಥವಾಗಬೇಕಾದರೆ, ಯಂತ್ರವೊಂದು ನಿದ್ರೆಯಿಂದ ಏಳುವುದು ಹೇಗೆ ಎಂಬುದನ್ನು ತಿಳಿಯಬೇಕು. ಅದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

ಗಣಕಯಂತ್ರ ಏನು ಮಾಡಬೇಕೆಂಬುದನ್ನು ಕ್ರಮವಿಧಿ, ಅಂದರೆ ಪ್ರೋಗ್ರಾಮು, ಹೇಳುತ್ತದೆ. ಆ ಕ್ರಮವಿಧಿ ಸ್ಮೃತಿಯಲ್ಲಿ, ಎಂದರೆ ಮೆಮೊರಿಯಲ್ಲಿ, ಇರಬೇಕು. ವಿದ್ಯುತ್ತು ಹೋದೊಡನೆ ಸ್ಮೃತಿ ಬರಿದಾಗುತ್ತದೆ. ಮತ್ತೆ ವಿದ್ಯುತ್ತು ಬಂದಾಗ ಕ್ರಮವಿಧಿಯನ್ನು ಡಿಸ್ಕಿನಿಂದ ತಂದು ಸ್ಮೃತಿಗೆ ತುಂಬಬೇಕು. ಆದರೆ ಹಾಗೆ ತಂದು ತುಂಬುವ ಕೆಲಸವನ್ನು ಮಾಡುವುದಕ್ಕೂ ಒಂದು ಕ್ರಮವಿಧಿ ಬೇಕಲ್ಲ! ಅದನ್ನು ತರುವವರಾರು? ನಮ್ಮ ಶಾಸ್ತ್ರಕಾರರು ಇದನ್ನು ಬೀಜವೃಕ್ಷ ನ್ಯಾಯವೆನ್ನುತ್ತಿದ್ದರು. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ಮಾತೂ ನಮ್ಮ ತಾರ್ಕಿಕರಲ್ಲಿ ಪ್ರಸಿದ್ಧ. ಇಂಗ್ಲಿಷರಲ್ಲಿ ಇದಕ್ಕೆ ಸಂವಾದಿಯಾದ ನುಡಿಗಟ್ಟು, ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು. ಆ ಪಟ್ಟಿಯೇ ಬೂಟ್‌ಸ್ಟ್ರಾಪ್. ನಾವು ದಿನನಿತ್ಯ ಹೇಳುವ 'ಬೂಟ್ ಆಗಲಿಲ್ಲ' ಎಂಬ ಮಾತಿನಲ್ಲಿರುವ ಬೂಟು ಆ ಪಾದರಕ್ಷೆಯೇ.

ಮೊದಮೊದಲ ಯಂತ್ರಗಳಿಗೆ ಈ ಗೊಂದಲವಿರಲಿಲ್ಲ. 1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರಕ್ಕೆ ಹೊಸ ಲೆಕ್ಕ ಕೊಡಬೇಕಾದರೆ ತಂತಿಗಳನ್ನು ಕಿತ್ತು ಬೇರೆಡೆ ಚುಚ್ಚಿ, ಗುಂಡಿಗಳನ್ನು ತಿರುಗಿಸಬೇಕಾಗಿತ್ತು. ಅದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು. ಕ್ರಮವಿಧಿಯನ್ನು ಸ್ಮೃತಿಯಲ್ಲಿಯೇ ಇಡುವ ಯಂತ್ರಗಳು ಬಂದಾಗ ಬೀಜವೃಕ್ಷದ ಪ್ರಶ್ನೆ ಎದುರಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದಕ್ಕೆ ಡೇವಿಡ್ ವೀಲರ್ ಎಂಬ ತರುಣ ಸಂಶೋಧನ ವಿದ್ಯಾರ್ಥಿ 31 ಆದೇಶಗಳ ಒಂದು ಪುಟ್ಟ ಕ್ರಮವಿಧಿಯನ್ನು ಬರೆದಿದ್ದರು. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಬಳಸುವ ಸುತ್ತುವ ಸ್ವಿಚ್ಚುಗಳಲ್ಲಿ ಅದನ್ನು ತಂತಿಗಳಿಂದಲೇ ಶಾಶ್ವತವಾಗಿ ಹೆಣೆಯಲಾಗಿತ್ತು. ಗುಂಡಿ ಒತ್ತಿದರೆ ಆ ಆದೇಶಗಳು ಸ್ಮೃತಿಗೆ ಇಳಿಯುವುವು. ಅವು ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿದ್ದ ದೊಡ್ಡ ಕ್ರಮವಿಧಿಯನ್ನು ಓದಿಕೊಳ್ಳುವುವು. ಅಳಿಯದ ಒಂದು ಸಣ್ಣ ಬೀಜವನ್ನು ಯಂತ್ರದೊಳಗೇ ಇಟ್ಟುಬಿಡುವುದು, ಮರವನ್ನು ಬೆಳೆಸುವ ಕೆಲಸವನ್ನು ಅದಕ್ಕೆ ಬಿಡುವುದು: ಇಂದಿಗೂ ಉಪಾಯ ಇದೇ.

ಆದರೆ ಎಲ್ಲರೂ ಈ ಅನುಕೂಲವನ್ನು ಒದಗಿಸಲಿಲ್ಲ. 1952ರಲ್ಲಿ ಪ್ರಕಟವಾದ ಐಬಿಎಂ 701ರಲ್ಲಿ 'ಲೋಡ್' ಎಂಬ ಗುಂಡಿಯಿತ್ತು. ಒತ್ತಿದರೆ ರಂಧ್ರಪತ್ರದಿಂದ ಮೊದಲ ಪದವನ್ನಷ್ಟೇ ಯಂತ್ರ ಓದುತ್ತಿತ್ತು. ಆ ಪದ ಮುಂದಿನದನ್ನು ಕರೆಯಬೇಕು, ಅದು ಅದರ ಮುಂದಿನದನ್ನು. 1965ರಲ್ಲಿ ಬಂದ ಪಿಡಿಪಿ-8ರಂತಹ ಯಂತ್ರಗಳಲ್ಲಿ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಆರಂಭದ ಆದೇಶಗಳನ್ನು ಒಂದೊಂದಾಗಿ ಕೈಯಿಂದಲೇ ಹಾಕಬೇಕಾಗಿತ್ತು. ಒಂದು ಸ್ವಿಚ್ಚು ತಪ್ಪಿದರೆ ದೀಪಗಳೇನೋ ಮಿನುಗುತ್ತಿದ್ದುವು, ಯಂತ್ರ ಏಳುತ್ತಿರಲಿಲ್ಲ. 1975ರಲ್ಲಿ ಬಂದ ಆಲ್ಟೇರ್ 8800 ಎಂಬ ಹವ್ಯಾಸಿಗಳ ಯಂತ್ರದ್ದೂ ಇದೇ ಪಾಡು. ಅದಕ್ಕೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ ಪಾಲ್ ಆ್ಯಲನ್, ಅದನ್ನು ತೋರಿಸಲೆಂದು ಅಲ್ಬುಕರ್ಕಿಗೆ ವಿಮಾನದಲ್ಲಿ ಹೊರಟರು. ವಿಮಾನ ಇಳಿಯುವ ಹೊತ್ತಿನಲ್ಲಿ ಅವರಿಗೆ ನೆನಪಾಯಿತು, ತಾವೂ ಬಿಲ್ ಗೇಟ್ಸರೂ ಸೇರಿ ಎಲ್ಲವನ್ನೂ ಬರೆದಿದ್ದೇವೆ, ಆದರೆ ಅದನ್ನು ಯಂತ್ರದೊಳಗೆ ತುಂಬುವ ಬೂಟ್‌ಸ್ಟ್ರಾಪನ್ನೇ ಬರೆದಿಲ್ಲವೆಂದು! ಕುಳಿತಲ್ಲಿಯೇ ಕಾಗದದ ಮೇಲೆ ಅದನ್ನು ಬರೆದು ಮುಗಿಸಿದರು. ಯಂತ್ರ ಎದ್ದಿತು. 2 ಮತ್ತು 2 ಕೂಡಿಸಲು ಹೇಳಿದಾಗ 4 ಎಂದಿತು. ಮೈಕ್ರೋಸಾಫ್ಟಿನ ಇತಿಹಾಸವೆಲ್ಲ ಆ ಒಂದು ಕಾಗದದ ಮೇಲೆ ನಿಂತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಅದೇ ಕಾಲದಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ವಿದ್ವಾಂಸರು ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನಷ್ಟೇ ಬೇರ್ಪಡಿಸಿ ಅದಕ್ಕೆ 'ಬಯಾಸ್' ಎಂದು ಹೆಸರಿಟ್ಟರು. ಒಳಬರುವುದು ಹೊರಹೋಗುವುದರ ಮೂಲ ವ್ಯವಸ್ಥೆ ಎಂದು ಅದರ ಅರ್ಥ. ಮುಂದೆ ಈ ಹೆಸರು ಮನೆಮಾತಾಯಿತು.

ಇನ್ನು ನಮ್ಮ ಮೇಜಿನ ಮೇಲಿನ ಯಂತ್ರದ ವಂಶಾವಳಿಗೆ ಬರೋಣ. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ನಮ್ಮ ಶಾಲೆಯೂ ಅದೇ ವರ್ಷದ್ದು ಎಂಬುದು ನನಗೊಂದು ಸಣ್ಣ ಹೆಮ್ಮೆ. ಅದರಲ್ಲಿ ಬಯಾಸನ್ನು ಅಳಿಯದ ಸ್ಮೃತಿಯ ಚಿಪ್ಪಿನಲ್ಲಿ ಇರಿಸಲಾಗಿತ್ತು. ಆ ಯಂತ್ರ ಏಳುವ ಕ್ರಮವನ್ನು ನಾನು ನಾಲ್ಕು ಮೆಟ್ಟಿಲುಗಳಾಗಿ ಅರ್ಥಮಾಡಿಕೊಂಡಿದ್ದೇನೆ.

ಮೊದಲನೆಯದು ವಿದ್ಯುತ್ತು. ಗುಂಡಿ ಒತ್ತಿದೊಡನೆ ಮಿದುಳು ಕೆಲಸಕ್ಕೆ ತೊಡಗುವುದಿಲ್ಲ. ವಿದ್ಯುತ್ ಪೂರೈಸುವ ಪೆಟ್ಟಿಗೆ ತನ್ನ ಒತ್ತಡಗಳೆಲ್ಲ ಸ್ಥಿರವಾದ ಮೇಲೆ 'ಎಲ್ಲ ಸರಿಯಿದೆ' ಎಂಬ ಸಂಕೇತವೊಂದನ್ನು ಕಳಿಸಬೇಕು. ಅದು ಬರುವವರೆಗೆ ದೀಪ ಉರಿದರೂ ಫ್ಯಾನು ತಿರುಗಿದರೂ ಫಲವಿಲ್ಲ.

ಎರಡನೆಯದು ಮೊದಲ ಆದೇಶ. ಆ ಯಂತ್ರದ ಇಂಟೆಲ್ 8088 ಎಂಬ ಮಿದುಳು ಎದ್ದೊಡನೆ ಒಂದು ನಿಶ್ಚಿತ ವಿಳಾಸಕ್ಕೆ ಹೋಗಿ ನೋಡುತ್ತಿತ್ತು. ಅದು ತಾನು ತಲುಪಬಲ್ಲ 1 ಮೆಗಾಬೈಟ್ ಸ್ಮೃತಿಯ ತುದಿಗಿಂತ ಕೇವಲ 16 ಬೈಟುಗಳಷ್ಟು ಕೆಳಗಿನ ವಿಳಾಸ. ಅಷ್ಟು ಇಕ್ಕಟ್ಟಿನಲ್ಲಿ ಏನನ್ನು ತಾನೇ ಬರೆದಿಡಬಹುದು? ಆದುದರಿಂದ ಅಲ್ಲಿ ಇರುತ್ತಿದ್ದುದು 'ಇಂತಹ ಕಡೆಗೆ ಹೋಗು' ಎಂಬ ಒಂದು ಆದೇಶ ಮಾತ್ರ. ಅದು ಬಯಾಸಿನೊಳಕ್ಕೆ ಒಯ್ಯುತ್ತಿತ್ತು.

ಮೂರನೆಯದು ಆತ್ಮಪರೀಕ್ಷೆ. ಬಯಾಸು ಸ್ಮೃತಿ ಸರಿಯಿದೆಯೇ, ಕೀಲಿಮಣೆ ಇದೆಯೇ, ಪರದೆಗೆ ಚಿತ್ರ ಕಳಿಸುವ ಕಾರ್ಡು ಇದೆಯೇ ಎಂದು ಒಂದೊಂದನ್ನೇ ಕೇಳುತ್ತ ಹೋಗುತ್ತದೆ, ನಾವು ಬೆಳಗಿನ ಹಾಜರಿ ಕೂಗಿದಂತೆ. ಎಲ್ಲರೂ 'ಹಾಜರ್ ಸಾರ್' ಎಂದರೆ ಒಂದು ಸಣ್ಣ 'ಬೀಪ್'. ಯಾರಾದರೂ ಗೈರುಹಾಜರಾದರೆ ಬೇರೆ ಬಗೆಯ ಸದ್ದು. ಪರದೆಗೇ ಇನ್ನೂ ಜೀವ ಬಂದಿರುವುದಿಲ್ಲವಾದ್ದರಿಂದ ದೂರನ್ನು ಬರೆದು ತಿಳಿಸುವಂತಿಲ್ಲ. ಆದುದರಿಂದ ಒಂದು ಉದ್ದ ಎರಡು ಗಿಡ್ಡ ಸದ್ದು ಬಂದರೆ ಪರದೆಯ ಕಾರ್ಡಿನ ದೋಷ ಎಂಬಂತಹ ಸಂಕೇತಗಳನ್ನು ಏರ್ಪಡಿಸಿದರು. ನಮ್ಮ ಛಂದಸ್ಸಿನ ಗುರು ಲಘುಗಳಂತೆ ಎಂದುಕೊಳ್ಳಿ. ದುರ್ದೈವದಿಂದ, ತಯಾರಕರೊಬ್ಬೊಬ್ಬರೂ ತಮ್ಮದೇ ಛಂದಸ್ಸನ್ನು ಕಟ್ಟಿಕೊಂಡರು.

ನಾಲ್ಕನೆಯದು ಡಿಸ್ಕು. ಅದರ ಮೊದಲ 512 ಬೈಟುಗಳನ್ನು ಬಯಾಸು ಸ್ಮೃತಿಗೆ ತಂದು, ಅಧಿಕಾರವನ್ನು ಅದಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. 1983ರಲ್ಲಿ ಹಾರ್ಡ್ ಡಿಸ್ಕ್ ಸಹಿತವಾದ ಐಬಿಎಂ ಯಂತ್ರ ಬಂದಾಗ ಈ 512 ಬೈಟುಗಳನ್ನು ಹೀಗೆ ಹಂಚಿದರು: 446 ಬೈಟು ಕ್ರಮವಿಧಿಗೆ, 64 ಬೈಟು ಡಿಸ್ಕಿನ ನಾಲ್ಕು ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟು 'ಇದು ಸಾಚಾ' ಎಂಬ ಮುದ್ರೆಗೆ. ಪೋಸ್ಟ್ ಕಾರ್ಡಿನಷ್ಟು ಜಾಗ! ಅದರಲ್ಲಿ ಒಂದಕ್ಷರ ಕೆಟ್ಟರೂ ಯಂತ್ರ ಈ ಮೆಟ್ಟಿಲಿನಲ್ಲಿ ನಿಂತುಬಿಡಬಹುದು.

ಐಬಿಎಂನ ಮೂಲ ಯಂತ್ರಕ್ಕೆ ಡಿಸ್ಕು ಸಿಗದಿದ್ದರೆ ಚಿಪ್ಪಿನಲ್ಲಿಯೇ ಇದ್ದ ಬೇಸಿಕ್ ಭಾಷೆಯನ್ನು ತೆರೆದು ಕೂರುತ್ತಿತ್ತು. ಐಬಿಎಂ ತನ್ನ ಬಯಾಸಿನ ಪೂರ್ಣ ಪಾಠವನ್ನು ಕೈಪಿಡಿಯಲ್ಲಿ ಅಚ್ಚುಹಾಕಿತ್ತು. ಆದರೆ ಹಕ್ಕುಸ್ವಾಮ್ಯದ ಕಾರಣ ಅದನ್ನು ನಕಲು ಮಾಡುವಂತಿರಲಿಲ್ಲ. ಫೀನಿಕ್ಸ್ ಸಂಸ್ಥೆ ಒಂದು ಗುಂಪಿಗೆ ಆ ಪಾಠವನ್ನು ಓದಿಸಿ, ಅದು ಏನು ಮಾಡುತ್ತದೆಂಬುದನ್ನು ಮಾತ್ರ ಬರೆಸಿ, ಮೂಲವನ್ನು ಕಂಡೇ ಇರದ ಇನ್ನೊಂದು ಗುಂಪಿನಿಂದ ಹೊಸದಾಗಿ ರಚಿಸಿಸಿತು. 1984ರಲ್ಲಿ ಅದು ಮಾರುಕಟ್ಟೆಗೆ ಬಂದಿತು. 1985ರಲ್ಲಿ ಭಾರತೀಯ ಮೂಲದ ಸುಬ್ರಮಣಿಯನ್ ಶಂಕರ್ ಮತ್ತು ಪ್ಯಾಟ್ ಶರ್ಮ ಅವರು ಅಮೆರಿಕದಲ್ಲಿ ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಎಎಂಐ ಬಯಾಸ್ ಎಂದು ಯಂತ್ರ ಏಳುವಾಗ ಎಷ್ಟೋ ಪರದೆಗಳ ಮೇಲೆ ಮೂಡುತ್ತಿದ್ದುದು ಅವರದೇ. ಇಂತಹ ಬಯಾಸುಗಳ ಬಲದಿಂದ ಅಗ್ಗದ ಯಂತ್ರಗಳು ಜಗತ್ತನ್ನು ತುಂಬಿ, ಕಡೆಗೆ ನಮ್ಮ ಹಳ್ಳಿಯ ಶಾಲೆಗೂ ಒಂದು ಬಂದು ಸೇರಿತು.

ನಿದ್ರೆಯಿಂದ ಏಳುವ ಹೊತ್ತು ಯಾರಿಗಾದರೂ ದುರ್ಬಲವಾದದ್ದೇ. ಕೇಡಿಗರು ಅದನ್ನು ಬಲುಬೇಗ ಕಂಡುಕೊಂಡರು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ 'ಬ್ರೇನ್' ಎಂಬ ವೈರಸ್ಸು ಫ್ಲಾಪಿಯ ಮೊದಲ ಭಾಗದಲ್ಲಿಯೇ ಹೊಕ್ಕು ಕುಳಿತುಕೊಳ್ಳುತ್ತಿತ್ತು. ಚಿಪ್ಪಿನ ಮೇಲಿನ ಬಯಾಸನ್ನು ತಿದ್ದಿ ಬರೆಯುವ ಸೌಕರ್ಯ ಬಂದ ಮೇಲೆ ಇನ್ನೂ ದೊಡ್ಡ ಅನರ್ಥವಾಯಿತು. ತೈವಾನಿನ ವಿದ್ಯಾರ್ಥಿಯೊಬ್ಬ 1998ರಲ್ಲಿ ಬರೆದ ಸಿಐಎಚ್ ವೈರಸ್ಸು 1999ರ ಏಪ್ರಿಲ್ 26ರಂದು ಎದ್ದು ಡಿಸ್ಕಿನ ಆರಂಭವನ್ನೂ, ಸಾಧ್ಯವಾದ ಕಡೆ ಬಯಾಸನ್ನೂ ಅಳಿಸಿತು. ದಕ್ಷಿಣ ಕೊರಿಯಾ, ಟರ್ಕಿ ಮೊದಲಾದ ದೇಶಗಳಲ್ಲಿ ಅಪಾರ ಹಾನಿಯಾಯಿತು. ಬೀಜವೇ ಹೋದ ಮೇಲೆ ಮರವೆಲ್ಲಿ?

ಕೇಡಿಗರ ನೆರವಿಲ್ಲದೆ ಬಂದ ಪಿಡುಗೂ ಒಂದುಂಟು. ಸುಮಾರು 1999ರಿಂದ ಕೆಲವು ವರ್ಷ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ದ್ರಾವಣದ ಕೆಪ್ಯಾಸಿಟರುಗಳು ಸೇರಿಕೊಂಡವು. ಒಳಗೆ ಅನಿಲ ಹುಟ್ಟಿ, ಆ ಪುಟ್ಟ ಡಬ್ಬಿಗಳ ತಲೆ ಉಬ್ಬಿ ಒಡೆದು, ಕಂದು ರಸ ಸೋರುತ್ತಿತ್ತು. ದೀಪ ಉರಿದು, ಫ್ಯಾನು ತಿರುಗಿ, ಯಂತ್ರ ಏಳದೆ ಇರುವುದೇ ಅದರ ಲಕ್ಷಣ. ಯಾವುದೇ ಫಾರ್ಮ್ಯಾಟಿನಿಂದ ಅದು ವಾಸಿಯಾಗುವಂತಹುದಲ್ಲ.

ಈಗ ನನ್ನ ಯಂತ್ರಕ್ಕೆ ಮರಳುತ್ತೇನೆ. ನಾಲ್ಕನೆಯ ದಿನ, ಹತ್ತಿರದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಚಿಕೆಗೆ ಕವನ ಕೊಡಲು ಬಂದ. ತರಗತಿಯಲ್ಲಿ ಕಡೆಯ ಬೆಂಚಿನವನು. ಪಾಠ ಕೇಳುವುದಿಲ್ಲವೆಂದು ನನ್ನಿಂದ ಹಲವು ಸಲ ಬೈಸಿಕೊಂಡವನು. ನಾನು ಕಥೆ ಹೇಳಿದೆ. ಅವನು ಪರದೆಯನ್ನು ನೋಡಲೇ ಇಲ್ಲ. ಯಂತ್ರವನ್ನು ಚಾಲೂ ಮಾಡಿ ಕಣ್ಣುಮುಚ್ಚಿ ನಿಂತ. "ಸಾರ್, ಈ ಉದ್ದ ಸದ್ದು ಮೊದಲಿನಿಂದಲೂ ಬರುತ್ತಿತ್ತೇ?" ಎಂದ. ಬರುತ್ತಿತ್ತು. ನಾನು ಕೇಳಿಯೂ ಇದ್ದೆ, ಆಲಿಸಿರಲಿಲ್ಲ. ಮೂರು ದಿನ ಆ ಯಂತ್ರ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತಿತ್ತು.

ಬಿಟ್ಟು ಬಿಟ್ಟು ಬರುವ ಉದ್ದ ಸದ್ದು ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಮೃತಿಯ ದೋಷ ಎಂದು ಅವನು ವಿವರಿಸಿದ. ಎಂದರೆ ಯಂತ್ರ ನಿಂತಿದ್ದುದು ಮೂರನೆಯ ಮೆಟ್ಟಿಲಿನಲ್ಲಿ. ಹಾರ್ಡ್ ಡಿಸ್ಕಿನ ಸರದಿ ಇನ್ನೂ ಬಂದೇ ಇರಲಿಲ್ಲ! ಇನ್ನೂ ಕರೆಯದ ಹುಡುಗನನ್ನು ಗೈರುಹಾಜರಿ ಎಂದು ಬರೆದುಕೊಂಡಂತಾಗಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಗಾದೆ. ನಾವು ಕಾಲುನೋವಿಗೆ ಮೂಗು ಕೊಯ್ಯಲು ಹೊರಟಿದ್ದೆವು.

ಅವನು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದಲೇ ಕಿತ್ತ. ಮೈಯ ಸ್ಥಾಯೀ ವಿದ್ಯುತ್ತು ಹರಿದುಹೋಗಲೆಂದು ಪೆಟ್ಟಿಗೆಯ ಬರಿಲೋಹವನ್ನು ಮುಟ್ಟಿದ. ಸ್ಮೃತಿಯ ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಳೆಗಾಲದ ತೇವ ಮಂಕು ಪೊರೆಯೊಂದನ್ನು ಎಳೆದಿತ್ತು. "ಸಾರ್, ಒಂದು ರಬ್ಬರ್ ಕೊಡಿ" ಎಂದ. ಮೂವತ್ತು ವರ್ಷ ಮಕ್ಕಳ ತಪ್ಪು ಅಳಿಸಿದ ರಬ್ಬರು ನನ್ನ ಜೇಬಿನಲ್ಲಿಯೇ ಇತ್ತು. ಮೃದುವಾಗಿ ಉಜ್ಜಿ, ಪುಡಿಯನ್ನು ಕುಂಚದಿಂದ ಕೊಡವಿ, ಎರಡು ಬದಿಯ ಕೊಕ್ಕೆಗಳೂ 'ಟಕ್' ಎನ್ನುವವರೆಗೆ ಮತ್ತೆ ಕೂರಿಸಿದ.

ಈ ಸಲ ಗಿಡ್ಡದಾದ ಒಂದೇ ಸದ್ದು. ಪರದೆಗೆ ಬೆಳಕು ಬಂದಿತು. ಆದರೆ ಸಿಮೋಸ್ ಲೆಕ್ಕ ತಪ್ಪಿದೆಯೆಂಬ ಇಂಗ್ಲಿಷ್ ಸಾಲೊಂದು ಮೂಡಿ ಯಂತ್ರ ಮತ್ತೆ ನಿಂತಿತು. ನನ್ನ ಎದೆ ಹಾರಿತು. ಅವನು ನಕ್ಕ. 1984ರ ಐಬಿಎಂ ಎಟಿ ಯಂತ್ರದ ಕಾಲದಿಂದ ದಿನಾಂಕ, ಡಿಸ್ಕಿನ ವಿವರ ಮೊದಲಾದವನ್ನು ಒಂದು ಸಣ್ಣ ಸ್ಮೃತಿಯಲ್ಲಿ ಬ್ಯಾಟರಿಯ ಬಲದಿಂದ ಉಳಿಸಿಕೊಳ್ಳುವ ಪದ್ಧತಿಯಿದೆ. ನಮ್ಮದರಲ್ಲಿದ್ದುದು ಎಂಟಾಣೆ ನಾಣ್ಯದಂತಹ 3 ವೋಲ್ಟಿನ ಸಿಆರ್ 2032 ಬಿಲ್ಲೆ. ಅದು ಬಡಕಲಾಗಿತ್ತು. ಗೋಡೆಯ ವಿದ್ಯುತ್ತೂ ತಪ್ಪಿದಾಗ ಯಂತ್ರ ಇಂದಿನ ದಿನಾಂಕವನ್ನೇ ಮರೆತು, ಎಂದೋ ಕಳೆದುಹೋದ ಒಂದು ಜನವರಿ 1ಕ್ಕೆ ಮರಳಿತ್ತು. ದಿನಾಂಕ ತಿದ್ದಿ ಮುಂದುವರಿಯಲು ಹೇಳಿದೊಡನೆ ವಿಂಡೋಸ್ ತೆರೆಯಿತು. ಹಿರಿಯರ ಮಾತುಗಳು ಒಂದಕ್ಷರ ಮಾಸದೆ ಅಲ್ಲಿದ್ದವು. ಆ ರಾತ್ರಿಯೇ ಎರಡು ಸಿ.ಡಿ.ಗಳಿಗೆ ನಕಲು ಮಾಡಿದೆವು. ಒಂದನ್ನು ಅವರ ಮಗನಿಗೆ ಕೊಟ್ಟೆ.

ಇಂದು ಬಯಾಸಿನ ಸ್ಥಾನಕ್ಕೆ ಯುಇಎಫ್ಐ ಬಂದಿದೆ. 1998ರ ಸುಮಾರಿಗೆ ಇಂಟೆಲ್ ಆರಂಭಿಸಿದ ಕೆಲಸವನ್ನು 2005ರಲ್ಲಿ ಹಲವು ಸಂಸ್ಥೆಗಳ ವೇದಿಕೆಯೊಂದು ಕೈಗೆತ್ತಿಕೊಂಡಿತು. ಯಂತ್ರಗಳು ಕೆಲವೇ ಕ್ಷಣಗಳಲ್ಲಿ ಏಳುತ್ತವೆ. ಎಷ್ಟೋ ಯಂತ್ರಗಳಲ್ಲಿ ಆ ಸಣ್ಣ ಸ್ಪೀಕರೂ ಇಲ್ಲ. ಬೀಜವೃಕ್ಷದ ಸಮಸ್ಯೆ ಮಾತ್ರ ಹಾಗೆಯೇ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಯುಕ್ತ ಕಡತವೊಂದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟರು. ಏಳಲಾರದ ಯಂತ್ರಕ್ಕೆ ದೂರದಿಂದ ಮದ್ದು ಕಳಿಸುವುದು ಹೇಗೆ? ಅಸಂಖ್ಯ ಕಡೆಗಳಲ್ಲಿ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಹೋಗಿ ನಿಂತು, ಸೇಫ್ ಮೋಡಿನಲ್ಲಿ ತೆರೆದು, ಆ ಒಂದು ಕಡತವನ್ನು ಕೈಯಿಂದ ಅಳಿಸಬೇಕಾಯಿತು. ಅಲ್ಲಿಯೂ ಫಾರ್ಮ್ಯಾಟ್ ಬೇಕಾಗಿರಲಿಲ್ಲ, ಒಂದು ರಬ್ಬರು ಸಾಕಾಗಿತ್ತು.

ಓದುಗರಲ್ಲಿ ಯಾರ ಯಂತ್ರವಾದರೂ ಹೀಗೆ ಮುಷ್ಕರ ಹೂಡಿದರೆ, ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಮೊದಲು ವಿಚಾರಿಸಿರಿ. ಅದಕ್ಕೆ ಮೊದಲು ಯಾವುದನ್ನೂ ಅಳಿಸಲು ಒಪ್ಪಬೇಡಿರಿ. ಬೆಲೆಯುಳ್ಳ ಬರಹ ಎರಡು ಕಡೆಯಿರಲಿ.

ಆ ಹುಡುಗನ ಕವನವೂ ಸಂಚಿಕೆಯಲ್ಲಿ ಅಚ್ಚಾಗಿದೆ, ಹದಿನೆಂಟನೆಯ ಪುಟದಲ್ಲಿ. ಪ್ರಾಸ ಎರಡು ಕಡೆ ತಪ್ಪಿದೆ. ಸಂಪಾದಕನಾಗಿ ನಾನು ಅದನ್ನು ತಿದ್ದಲು ಹೋಗಲಿಲ್ಲ.